ತಲುಪಿದವೆಂದುಕೊಂಡ ಪತ್ರಗಳು

ಇಮೇಲ್
3 ಮಾರ್ಚ್

ಅತ್ತಿಗೆ,

ಮೊದಲು ಕೆಲಸದ ಮಾತು, ಆಮೇಲೆ ನನ್ನ ಮಾತು.

ನಿಮ್ಮ ಕೃತಕ ಕಣ್ಣಿನ ಅಂಗಡಿಯ ವೆಬ್‌ಸೈಟನ್ನು ಹಳೆಯ ಕಂಪನಿಯಿಂದ ಕಿತ್ತು ತಂದು ನನ್ನ ಸರ್ವರ್‌ನಲ್ಲಿ ಕೂರಿಸಿದ್ದೇನೆ. ಹೋದ ಏಪ್ರಿಲ್‌ನಲ್ಲಿ ಅಣ್ಣ ತೀರಿಕೊಂಡಾಗಿನಿಂದ ಅದನ್ನು ನೋಡುವವರೇ ಇರಲಿಲ್ಲವಲ್ಲ. ಇಮೇಲನ್ನು ಮಾತ್ರ ಮುಟ್ಟಿಲ್ಲ. ಅಣ್ಣ ಅದನ್ನು ಯಾವ ಕಂಪನಿಯಲ್ಲಿ ಇಟ್ಟಿದ್ದನೋ ಅಲ್ಲೇ ಇದೆ. ಅಂಗಡಿಯ ಹೆಸರು ಒಂದೇ, ಇರುವ ಮನೆ ಎರಡು. ಅದಕ್ಕೇ ಡೊಮೈನ್ ದಾಖಲೆಯಲ್ಲಿ ಆ ಹೆಸರಿನ ಮುಂದೆ ಎರಡು ಸಾಲು ಬರೆದಿದ್ದೇನೆ. ಒಂದು ಎ ರೆಕಾರ್ಡ್: ಪುಟ ನೋಡಲು ಬಂದವರು ನನ್ನ ಸರ್ವರ್‌ಗೆ ಬರಲಿ ಅಂತ. ಇನ್ನೊಂದು ಎಂಎಕ್ಸ್ ರೆಕಾರ್ಡ್: ಪತ್ರ ತಂದವರು ಮೇಲ್ ಕಂಪನಿಗೆ ಹೋಗಲಿ ಅಂತ. ನೀವು ಏನೂ ಮಾಡಬೇಕಿಲ್ಲ. ಎಂದಿನಂತೆ ಟೀ ಕುಡಿಯುತ್ತಾ ಮೇಲ್ ನೋಡಿದರಾಯಿತು. ಹೊರಗಿನ ವಿಳಾಸವೊಂದರಿಂದ ಪರೀಕ್ಷೆಯನ್ನೂ ಮಾಡಿದ್ದೇನೆ. "ಇದು ಪರೀಕ್ಷೆ, ಉತ್ತರ ಬೇಡ" ಎಂದು ಒಂದು ಪತ್ರ ಬಂದಿರಬೇಕಲ್ಲ, ಅದು ನಾನೇ.

ಈಗ ನನ್ನ ಮಾತು. ನನ್ನ ಎಡಗಣ್ಣಿನೊಳಗೆ ಗೆಡ್ಡೆ ಬೆಳೆದಿದೆ. ಮೂವರು ಡಾಕ್ಟರಿಗೆ ತೋರಿಸಿದೆ. ಬೇರೆ ಯಾವ ವಿಷಯಕ್ಕೂ ಒಮ್ಮತವಿಲ್ಲದ ಮೂವರೂ ಇದೊಂದಕ್ಕೆ ಒಪ್ಪಿದ್ದಾರೆ: ಕಣ್ಣು ತೆಗೆಯಬೇಕು. ಹನ್ನೆರಡನೇ ತಾರೀಖು ಆಪರೇಷನ್. ಜೀವಕ್ಕೆ ಭಯವಿಲ್ಲ ಅನ್ನುತ್ತಾರೆ. ನನಗೆ ಭಯವಿದೆ, ಅದು ಬೇರೆ.

ಗಾಯ ಮಾಯಲು ಆರೇಳು ವಾರ. ಆಮೇಲೆ ಕೃತಕ ಕಣ್ಣು ಹಾಕಿಸಿಕೊಳ್ಳಬೇಕು. ಅದನ್ನು ನೀವು ಮಾಡಿಕೊಡುತ್ತೀರಾ? ಮನೆಯವರ ಕಣ್ಣನ್ನು ಮನೆಯವರು ಮಾಡಬಾರದು ಅನ್ನುವ ನಿಮ್ಮ ಅಂಗಡಿಯ ನಿಯಮ ನನಗೆ ಗೊತ್ತು. ಅಣ್ಣ ಅದನ್ನು ನೂರು ಸಲ ಹೇಳಿದ್ದ, ಕಾರಣವನ್ನು ಒಂದು ಸಲವೂ ಹೇಳಲಿಲ್ಲ. ಗೊತ್ತಿದ್ದೂ ಕೇಳುತ್ತಿದ್ದೇನೆ. ಯಾರೋ ಮಾಡಿದ ಕಣ್ಣನ್ನು ದಿನಾ ಕನ್ನಡಿಯಲ್ಲಿ ನೋಡುವುದಕ್ಕೆ ನನಗೆ ಮನಸ್ಸಿಲ್ಲ.

ಫೋನಿನಲ್ಲಿ ಇದನ್ನು ಹೇಳಲು ಹೋದರೆ ಎರಡನೇ ಮಾತಿಗೇ ಫೋನ್ ಇಟ್ಟುಬಿಡುತ್ತೇನೆ. ನೀವೂ ಫೋನ್ ಮಾಡಬೇಡಿ. ಆಗುತ್ತದೆ ಅನ್ನುವುದಾದರೆ ಒಂದು ಸಾಲು ಬರೆಯಿರಿ. ಆಗುವುದಿಲ್ಲ ಅನ್ನುವುದಾದರೆ ಬರೆಯಲೇ ಬೇಡಿ. ನಾನು ಅರ್ಥ ಮಾಡಿಕೊಳ್ಳುತ್ತೇನೆ. ಮತ್ತೆ ಕೇಳುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ.

ನಿಮ್ಮ ನಾದಿನಿ,
ತಂತಿ
(ಅಣ್ಣ ಇಟ್ಟ ಈ ಹೆಸರಿನಿಂದ ಕರೆಯುವವರು ಈಗ ನೀವೊಬ್ಬರೇ.)


ಇಮೇಲ್
27 ಮಾರ್ಚ್

ಅತ್ತಿಗೆ,

ವೆಬ್‌ಸೈಟಿನ ಒಂದು ಪುಟದಲ್ಲಿ ಅಣ್ಣನ ಫೋನ್ ನಂಬರ್ ಉಳಿದುಕೊಂಡಿತ್ತು. ತೆಗೆದು ನಿಮ್ಮದನ್ನು ಹಾಕಿದ್ದೇನೆ. ತೆಗೆಯುವ ಮುಂಚೆ ಸುಮ್ಮನೆ ಒಮ್ಮೆ ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿ "ಯಾರು ಬೇಕಿತ್ತು?" ಅಂದಳು. ರಾಂಗ್ ನಂಬರ್ ಅಂದೆ.

ಆಪರೇಷನ್ ಆಯಿತು. ಕಣ್ಣಿನ ಕುಳಿ ಕುಗ್ಗದ ಹಾಗೆ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಇಟ್ಟಿದ್ದಾರೆ, ನಿಮಗೆ ಗೊತ್ತಿರುವುದೇ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಮೊನ್ನೆ ಟೀಯನ್ನು ಲೋಟದ ಪಕ್ಕಕ್ಕೆ ನೀಟಾಗಿ ಸುರಿದೆ, ಕೀಬೋರ್ಡು ಕುಡಿಯಿತು.

ನೀವು ಬರೆಯಲಿಲ್ಲ. ಮುನಿಸಿಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಕಷ್ಟಪಟ್ಟು ಆ ಮಾತಿಗೆ ಕಟ್ಟುಬಿದ್ದಿದ್ದೇನೆ.

ತಂತಿ


ಇಮೇಲ್
18 ಏಪ್ರಿಲ್

ತಂತಿ,

ಹೇಗಿದ್ದೀಯ ಎಂದು ಕೇಳಬೇಕು. ಕೇಳಿದ್ದೇನೆ ಅಂದುಕೋ.

ವೆಬ್‌ಸೈಟು ನಿನ್ನ ಕಡೆಗೆ ಬಂದ ಮೇಲೆ ಅದರಲ್ಲಿರುವ ಫಾರಂ ತುಂಬಿ ಒಬ್ಬರೂ ಬಂದಿಲ್ಲ. ನೇರವಾಗಿ ಮೇಲ್ ಬರೆಯುವವರ ಪತ್ರ ಬರುತ್ತಿದೆ. ಬಣ್ಣ ಮಾರುವವನದು ಬರುತ್ತದೆ, ಆಸ್ಪತ್ರೆಗಳದು ಬರುತ್ತದೆ, ನನಗೆ ಬೇಡವಾದ ಜಾಹೀರಾತುಗಳಂತೂ ತಪ್ಪದೆ ಬರುತ್ತವೆ. ಫಾರಂನವು ಮಾತ್ರ ಇಲ್ಲ. ಮೊದಲು ವಾರಕ್ಕೆ ಮೂರಾದರೂ ಇರುತ್ತಿದ್ದವು. ಮಕ್ಕಳ ಕಣ್ಣನ್ನು ಮುಖ ಬೆಳೆದ ಹಾಗೆ ಬದಲಿಸುತ್ತಿರಬೇಕು, ತಡವಾದರೆ ಮುಖವೇ ಒಂದು ಕಡೆಗೆ ವಾಲುತ್ತದೆ. ಪ್ರತಿ ಮಾರ್ಚಿನಲ್ಲಿ ಬರೆಯುತ್ತಿದ್ದ ಆ ತಾಯಂದಿರೆಲ್ಲ ಎಲ್ಲಿ ಹೋದರು? ನೀನೇನಾದರೂ ಕೈಯಾಡಿಸಿದ್ದೀಯಾ, ನೋಡು.

ನಿಮ್ಮಣ್ಣ ಹೋಗಿ ವರ್ಷವಾದ ದಿನ ನೀನು ಬಂದೇ ಬರುತ್ತೀಯೆಂದು ಮೇಲಿನ ಕೋಣೆ ಗುಡಿಸಿ, ಒಗೆದ ಹೊದಿಕೆ ಹಾಕಿಟ್ಟಿದ್ದೆ. ಬರಲಿಲ್ಲ. ಕಾರಣ ಕೇಳುತ್ತಿಲ್ಲ. ಹೊದಿಕೆ ಮಡಿಸಿಟ್ಟಿದ್ದೇನೆ, ಅಷ್ಟೇ.

ಅತ್ತಿಗೆ


ಇಮೇಲ್
19 ಏಪ್ರಿಲ್

ಅತ್ತಿಗೆಯವರಿಗೆ,

ದಾಖಲೆಗಳನ್ನು ಮತ್ತೆ ನೋಡಿದೆ. ಎ ರೆಕಾರ್ಡ್ ಸರಿಯಿದೆ. ಎಂಎಕ್ಸ್ ರೆಕಾರ್ಡ್ ಸರಿಯಿದೆ. ಹೊರಗಿನಿಂದ ಕಳಿಸಿದ ಪತ್ರ ನಿಮಗೆ ತಲುಪುತ್ತಿದೆ ಎಂದು ನೀವೇ ಬರೆದಿದ್ದೀರಿ. ನನ್ನ ಕಡೆ ತಪ್ಪಿಲ್ಲ. ಗಿರಾಕಿಗಳು ಬರದಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಹೊದಿಕೆಯ ವಿಷಯ ಓದಿದೆ. ಆ ದಿನ ಬಸ್ ನಿಲ್ದಾಣದ ತನಕ ಬಂದಿದ್ದೆ. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂದು ತಿಳಿಯದೆ ಮುಗ್ಗರಿಸಿ ಬಿದ್ದೆ. ಜನ ಎತ್ತಿ ಕೂರಿಸಿದರು, ಬಸ್ಸು ಹೋಯಿತು, ನಾನು ಮನೆಗೆ ಹೋದೆ. ಆಪರೇಷನ್ ಆದ ನಾದಿನಿ ಯಾಕೆ ಬರಲಿಲ್ಲ ಎಂದು ನಿಮಗೆ ಹೊಳೆಯಲಿಲ್ಲವೇ? ಹೊದಿಕೆ ಮಡಿಸುವಾಗಲೂ ಹೊಳೆಯಲಿಲ್ಲವೇ? ಬೇಡ ಅನ್ನುವ ಹಕ್ಕು ನಿಮಗಿದೆ. ಅದನ್ನು ನಾನೇ ಕೊಟ್ಟಿದ್ದೆ. ಗೊತ್ತೇ ಇಲ್ಲದವರ ಹಾಗೆ ಬರೆಯುವ ಹಕ್ಕನ್ನು ಯಾರು ಕೊಟ್ಟರು?

ತಂತಿ


ವೆಬ್‌ಸೈಟಿನ ಫಾರಂ ಮೂಲಕ
2 ಮೇ

ಹೆಸರು: –
ವಯಸ್ಸು: 43
ಯಾವ ಕಣ್ಣು: ಎಡ
ಕಣ್ಣು ತೆಗೆದದ್ದು ಯಾವಾಗ: ಮಾರ್ಚ್ 12
ಉದ್ಯೋಗ: ದಿನವಿಡೀ ಪರದೆ ನೋಡುವುದು
ನಿಮ್ಮ ಕೋರಿಕೆ:

ಮಾನ್ಯರೇ, ಗಾಯ ಪೂರ್ತಿ ಮಾಯ್ದಿದೆ. ಇಲ್ಲಿನ ಆಸ್ಪತ್ರೆಯವರ ಹತ್ತಿರ ಸಿದ್ಧ ಕಣ್ಣುಗಳ ಒಂದು ಪೆಟ್ಟಿಗೆ ಇದೆ, ಗುಂಡಿಗಳ ಅಂಗಡಿಯಲ್ಲಿ ಇರುತ್ತದಲ್ಲ ಹಾಗೆ. ಅದರಲ್ಲಿ ಹತ್ತಿರದ ಬಣ್ಣದ್ದನ್ನು ಆರಿಸಿ ಹಾಕುತ್ತಾರಂತೆ. ಕುಳಿಯ ಅಚ್ಚು ತೆಗೆದು, ನನ್ನದೇ ಕಣ್ಣು ನೋಡಿ ಬಣ್ಣ ಬರೆದದ್ದು ಬೇಕು ಎಂದು ನನ್ನ ಆಸೆ. ಮೇ ತಿಂಗಳು ಮುಗಿಯುವುದರೊಳಗೆ ಆಗದಿದ್ದರೆ ಪೆಟ್ಟಿಗೆಯ ಕಣ್ಣನ್ನೇ ಒಪ್ಪಿಕೊಳ್ಳಬೇಕು. ಮೂವತ್ತೊಂದಕ್ಕೆ ದಿನ ಕೊಟ್ಟಿದ್ದಾರೆ. ಇನ್ನೂ ಕಾಯ್ದರೆ ಕುಳಿ ಕುಗ್ಗುತ್ತದೆ ಎಂದು ಡಾಕ್ಟರು ಗದರುತ್ತಿದ್ದಾರೆ.

ಬಣ್ಣ ಹೊಂದಿಸಲು ಬಲಗಣ್ಣಿನ ಚಿತ್ರ ಇಟ್ಟಿದ್ದೇನೆ. ನಿಮ್ಮ ನಿಯಮಕ್ಕೆ ಅಡ್ಡ ಬರುವಂಥ ಸಂಬಂಧ ಯಾವುದೂ ನನಗೂ ನಿಮಗೂ ಇಲ್ಲ.


ಅಂಚೆಯಲ್ಲಿ, ಕೈಬರಹ
8 ಮೇ

ತಂತಿ,

ಮೇಲ್ ಮಾಡಿ ಮೂರು ವಾರವಾಯಿತು. ಉತ್ತರವಿಲ್ಲ. ಕಾಗದಕ್ಕಾದರೂ ಬೆಲೆ ಕೊಡುತ್ತೀಯೇನೋ ಎಂದು ಇದನ್ನು ಬರೆಯುತ್ತಿದ್ದೇನೆ.

ನೇರವಾಗಿಯೇ ಹೇಳುತ್ತೇನೆ. ವೆಬ್‌ಸೈಟನ್ನು ಬೇರೆ ಯಾರಿಗಾದರೂ ಕೊಡೋಣ ಎಂದಿದ್ದೇನೆ. ಡೊಮೈನ್ ದಾಖಲೆಯ ಪಾಸ್‌ವರ್ಡ್ ನಿನ್ನ ಹತ್ತಿರವಿದೆ, ಅದನ್ನು ಇದೇ ರೀತಿ ಕಾಗದದಲ್ಲಿ ಬರೆದು ಕಳಿಸು. ಇದು ಸಿಟ್ಟಿನ ಮಾತಲ್ಲ. ಸಿಟ್ಟು ಏಪ್ರಿಲ್‌ನಲ್ಲೇ ಮುಗಿಯಿತು.

ನಿಮ್ಮಣ್ಣ ಇದ್ದಾಗ ಮೇಲಿಂದ ಮೇಲೆ ಬರುತ್ತಿದ್ದೆ. ಅವರು ಅಚ್ಚಿಗೆ ಮೇಣ ಸುರಿಯುತ್ತಿದ್ದರೆ ಪಕ್ಕದಲ್ಲಿ ಕೂತು ಕಿರಿಕಿರಿ ಮಾಡುತ್ತಿದ್ದೆ. ಕಣ್ಣಿನ ಕೆಂಪು ನರಗಳಿಗೆಂದು ನಾನು ಬಿಡಿಸಿಟ್ಟ ರೇಷ್ಮೆ ಎಳೆಗಳನ್ನು ಫ್ಯಾನ್ ಹಾಕಿ ಹಾರಿಸಿಬಿಡುತ್ತಿದ್ದೆ. ಬೈದರೆ ನಗುತ್ತಿದ್ದೆ. ಆಗ ನನ್ನನ್ನು ನೋಡಲೂ ಬರುತ್ತಿದ್ದೀಯೆಂದು ತಿಳಿದಿದ್ದೆ. ಈಗ ಅಚ್ಚು ತೆಗೆಯುವುದೂ ನಾನೇ, ಬಣ್ಣ ಬರೆಯುವುದೂ ನಾನೇ, ಉಜ್ಜಿ ಹೊಳಪು ಕೊಡುವುದೂ ನಾನೇ. ಅದಕ್ಕೆ ಬೇಸರವಿಲ್ಲ. ಫೆಬ್ರವರಿಯಿಂದ ಈಚೆಗೆ ನೀನು ನನಗೆ ಒಂದೇ ಒಂದು ಸಾಲೂ ಬರೆದಿಲ್ಲ, ಅದಕ್ಕೆ ಬೇಸರವಿದೆ. ಅಣ್ಣ ಹೋದ ಮೇಲೆ ಅತ್ತಿಗೆ ಯಾರೋ ಆದಳು ಅಂತ ಬಾಯಿಬಿಟ್ಟು ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಪಾಸ್‌ವರ್ಡ್ ಮರೆಯಬೇಡ.

ಅತ್ತಿಗೆ


ಅಂಚೆಯಲ್ಲಿ, ಕೈಬರಹ
14 ಮೇ

ಅತ್ತಿಗೆ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಈಚೆಗೆ ಗೆರೆಯ ಮೇಲೆ ಬರೆಯುವುದು ಕಷ್ಟವಾಗಿದೆ.

ನಿಮ್ಮ ಕಾಗದ ಓದುವಾಗ ಮೈಯೆಲ್ಲ ಉರಿಯಿತು. ಪಾಸ್‌ವರ್ಡನ್ನು ಬರೆದು ಲಕೋಟೆಗೂ ಹಾಕಿದ್ದೆ. ಅಂಟಿಸುವ ಮುಂಚೆ ಇನ್ನೊಮ್ಮೆ ಓದಿದೆ. "ಒಂದೇ ಒಂದು ಸಾಲೂ ಬರೆದಿಲ್ಲ" ಅನ್ನುವಲ್ಲಿಗೆ ಬಂದು ನಿಂತೆ. ನಿಮಗೆ ಬೈಯಲು ಬರುತ್ತದೆ, ಚುಚ್ಚಲು ಬರುತ್ತದೆ, ಸುಳ್ಳು ಹೇಳಲು ಮಾತ್ರ ಬರುವುದಿಲ್ಲ. ನಾನು ಬರೆದಿರುವುದು ಸತ್ಯ, ನಿಮಗೆ ಬಂದಿಲ್ಲದಿರುವುದೂ ಸತ್ಯ. ಹಾಗಾದರೆ ಸುಳ್ಳು ಹೇಳುತ್ತಿರುವುದು ನನ್ನ ಸರ್ವರ್.

ಹೋಗಿ ನೋಡಿದೆ. ತಪ್ಪು ನನ್ನದೇ.

ಡೊಮೈನ್ ದಾಖಲೆಯಲ್ಲಿ ಎಲ್ಲವೂ ಸರಿಯಿದೆ. ಹೊರಗಿನವರೆಲ್ಲ ಆ ದಾಖಲೆ ನೋಡಿಕೊಂಡು ನಿಮ್ಮ ಪತ್ರವನ್ನು ಮೇಲ್ ಕಂಪನಿಗೆ ಒಯ್ದು ಕೊಡುತ್ತಾರೆ. ನನ್ನ ಸರ್ವರ್ ಮಾತ್ರ ದಾಖಲೆಯನ್ನು ನೋಡಲೇ ಇಲ್ಲ. "ಇವ್ರು ನಮ್ಮನೇವ್ರೇ ಅಲ್ವಾ, ಇವ್ರ ವಿಳಾಸ ಬೇರೆ ನೋಡ್ಬೇಕಾ" ಎಂದುಕೊಂಡು, ನಿಮಗೆಂದು ತನ್ನೊಳಗಿನಿಂದ ಹೊರಟ ಪತ್ರವನ್ನೆಲ್ಲ ತನ್ನದೇ ಮೂಲೆಯ ಒಂದು ಡಬ್ಬಿಗೆ ಹಾಕಿಕೊಂಡು ಕೂತಿತ್ತು. ನಿಮ್ಮ ಫಾರಂ ಇರುವುದು ಆ ಸರ್ವರ್‌ನಲ್ಲಿ. ನನ್ನ ಮೇಲ್ ಇರುವುದೂ ಅಲ್ಲೇ. ಅದಕ್ಕೇ ಲೋಕದವರೆಲ್ಲರ ಪತ್ರ ನಿಮಗೆ ಬಂತು, ಫಾರಂನವರದೂ ನನ್ನದೂ ಬರಲಿಲ್ಲ. ತಲುಪಲಿಲ್ಲ ಎಂದು ಪತ್ರ ವಾಪಸ್ಸಾದರೂ ಬಂದಿದ್ದರೆ ತಿಳಿಯುತ್ತಿತ್ತು. ಅದರ ಲೆಕ್ಕದಲ್ಲಿ ಎಲ್ಲವೂ ತಲುಪಿದ್ದವು.

ಹೊಸ ಹೆಸರು ಸೇರಿಸುವಾಗ "ಇದರ ಮೇಲ್ ಇಲ್ಲೇ ಇದೆಯೋ, ಬೇರೆ ಕಡೆ ಇದೆಯೋ" ಎಂದು ಒಂದು ಕಡೆ ಕೇಳುತ್ತದೆ. ನಾವು ಹೇಳದಿದ್ದರೆ ಇಲ್ಲೇ ಇದೆ ಎಂದುಕೊಳ್ಳುತ್ತದೆ. ಐವತ್ತೆರಡು ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವಳು ನಾನು. ಪ್ರತಿಯೊಂದಕ್ಕೂ ಗೋಡೆಗೆ ಅಂಟಿಸಿದ ಪಟ್ಟಿ ನೋಡಿಕೊಂಡು, ಒಂದೊಂದನ್ನೇ ಗುರುತು ಹಾಕುತ್ತಾ ಮಾಡುತ್ತೇನೆ. ಆ ಪಟ್ಟಿಯಲ್ಲಿ ಈ ಪ್ರಶ್ನೆ ಏಳನೆಯದು. ನಿಮ್ಮದೊಂದನ್ನು ಪಟ್ಟಿ ನೋಡದೆ ಮಾಡಿದೆ. ಮನೆ ಕೆಲಸಕ್ಕೆ ಪಟ್ಟಿ ಯಾಕೆ ಅನ್ನಿಸಿತ್ತು. ಆ ವಾರ ನನ್ನ ಗಮನವೂ ಬೇರೆ ಕಡೆ ಇತ್ತು.

ಈಗ ಸರಿಮಾಡಿದ್ದೇನೆ. ಡಬ್ಬಿಯಲ್ಲಿ ಮೂವತ್ತನಾಲ್ಕು ಪತ್ರಗಳಿದ್ದವು. ಮೂವತ್ತೊಂದು ಫಾರಂನವು, ಅವನ್ನು ನಿಮ್ಮ ಮೇಲ್‌ಗೆ ಸಾಗಿಸಿದ್ದೇನೆ. ಕೊನೆಯದೊಂದನ್ನು ತೆಗೆದುಬಿಡಲೇ ಎಂದು ತುಸು ಹೊತ್ತು ಯೋಚಿಸಿದೆ. ನಿಮಗೆ ಬಂದ ಪತ್ರವನ್ನು ತೆಗೆಯಲು ನಾನ್ಯಾರು ಎಂದು ಬಿಟ್ಟೆ. ಉಳಿದ ಮೂರು ನನ್ನವು. ಅವನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಕೆಟ್ಟ ಮಾತುಗಳಿವೆ, ನಿಮಗೆ ಸಲ್ಲದವು. ಉಳಿದವುಗಳ ಸಮಯ ಮೀರಿತು.

ನೀವು ನನಗೆ ಯಾರೋ ಆಗಿಲ್ಲ. ಇದನ್ನು ಎದುರಿಗೆ ಹೇಳಬೇಕೆಂದಿದ್ದೆ. ತಿಂಗಳ ಕೊನೆಗೆ ಇಲ್ಲಿ ಆಸ್ಪತ್ರೆಯಲ್ಲಿ ಒಂದು ಸಣ್ಣ ಕೆಲಸವಿದೆ. ಅದನ್ನು ಮುಗಿಸಿ ಜೂನ್‌ನಲ್ಲಿ ಬರುತ್ತೇನೆ. ನನ್ನನ್ನು ನೋಡಿ ಗಾಬರಿಯಾಗಬೇಡಿ.

ಪಾಸ್‌ವರ್ಡ್ ಇದರ ಹಿಂಬದಿಯಲ್ಲಿದೆ. ಯಾರಿಗಾದರೂ ಕೊಡಿ, ಬೇಸರವಿಲ್ಲ.

ತಂತಿ


ಇಮೇಲ್
21 ಮೇ

ತಂತಿ,

ಅಂಚೆಗೆ ಕಾಯಲು ಪುರಸೊತ್ತಿಲ್ಲ, ಅದಕ್ಕೇ ಮೇಲ್.

ಮೂವತ್ತೊಂದು ಪತ್ರಗಳೂ ಬಂದವು. ಬಂದ ಕ್ರಮದಲ್ಲೇ ಓದಿದೆ. ಮಕ್ಕಳವು ಒಂಬತ್ತಿದ್ದವು. ಆ ತಾಯಂದಿರಿಗೆಲ್ಲ ಫೋನ್ ಮಾಡಿ, ಒಬ್ಬೊಬ್ಬರಿಂದಲೂ ಬೈಸಿಕೊಂಡೆ. ಇಬ್ಬರು ಬೇರೆ ಕಡೆ ಮಾಡಿಸಿದ್ದಾರೆ, ಉಳಿದವರು ಬರುತ್ತಾರೆ. ಅದರ ಚಿಂತೆ ಬಿಡು.

ಕೊನೆಯದನ್ನು ಮೊನ್ನೆ ಬೆಳಿಗ್ಗೆ ತೆರೆದೆ. ಹೆಸರಿರಲಿಲ್ಲ. ಬಣ್ಣ ಬೆರೆಸುವ ಮುಂಚೆ ಮಾಡುವ ಹಾಗೆ ಚಿತ್ರವನ್ನು ದೊಡ್ಡದು ಮಾಡಿದೆ. ಮಾಡಿದವಳು ಕೂತಲ್ಲಿಂದ ಎದ್ದುಬಿಟ್ಟೆ. ನನಗೆ ಜನರ ಹೆಸರು ಮರೆಯುತ್ತದೆ ಕಣೇ, ಕಣ್ಣು ಮರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಊಟದ ಮೇಜಿನ ಆಚೆ ಬದಿಯಿಂದ ನನ್ನನ್ನು ನೋಡುತ್ತಿದ್ದ ಕಣ್ಣಿನ ತಂಗಿಯನ್ನು ನಾನು ಗುರುತಿಸುವುದಿಲ್ಲವೇ? ಮೇಲಾಗಿ, "ಸಂಬಂಧ ಯಾವುದೂ ಇಲ್ಲ" ಎಂದು ಬೇರೆ ಬರೆದಿದ್ದೀಯ. ಯಾವ ಗಿರಾಕಿಯಾದರೂ ಹಾಗೆ ಬರೆಯುತ್ತಾನೆಯೇ, ಮಂಕೇ?

ಆಮೇಲೆ ತಾರೀಖು ನೋಡಿದೆ. ಮಾರ್ಚ್ ಹನ್ನೆರಡು. ನಿನ್ನ ಹತ್ತಿರ ಇಟ್ಟುಕೊಂಡ ಪತ್ರಗಳಲ್ಲಿ ಏನಿತ್ತೆಂದು ಈಗ ಊಹಿಸಬಲ್ಲೆ. ನೀನು ಒಬ್ಬಳೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನಿಲ್ಲಿ ಹೊದಿಕೆಯ ಲೆಕ್ಕ ಹಾಕುತ್ತಿದ್ದೆ. ತುಂಬಾ ಅತ್ತೆ. ಪತ್ರ ಬರದಿದ್ದದ್ದು ನಿನ್ನ ಸರ್ವರ್‌ನ ತಪ್ಪು, ಸರಿ. ಫೋನ್ ಇತ್ತಲ್ಲ? ನೀನೇ ಮೊದಲು ಮಾಡಲಿ ಎಂದು ಬಿಗುಮಾನದಿಂದ ಕೂತಿದ್ದು ನಾನು. ಅದಕ್ಕೆ ಯಾವ ಯಂತ್ರವನ್ನೂ ದೂರುವಂತಿಲ್ಲ. ಕ್ಷಮಿಸು.

ನಿಯಮದ ಕಾರಣವನ್ನು ನಿಮ್ಮಣ್ಣ ಹೇಳಲಿಲ್ಲ, ನನ್ನ ಮಾನ ಉಳಿಸಲಿಕ್ಕೆ. ನಾನು ಹೇಳುತ್ತೇನೆ. ಮದುವೆಯಾದ ಮೂರನೇ ವರ್ಷ ನನ್ನ ಅಪ್ಪನ ಬಲಗಣ್ಣು ಹೋಯಿತು. ನಾನೇ ಬರೆಯುತ್ತೇನೆಂದು ಹಟ ಹಿಡಿದು ಕೂತೆ. ಎಂಟು ದಿನ ಕೂತು ಬರೆದೆ. ಹಾಕಿ ನೋಡಿದರೆ ಒಂದು ಕಣ್ಣಿಗೆ ಎಪ್ಪತ್ತು ವರ್ಷ, ಇನ್ನೊಂದಕ್ಕೆ ನಲವತ್ತು. ವಯಸ್ಸಾದವರ ಕಣ್ಣಿನ ಕಪ್ಪಿನ ಸುತ್ತ ಬೆಳ್ಳಗೆ ಒಂದು ಬಳೆ ಮೂಡುತ್ತದೆ. ಅದನ್ನು ನಾನು ಬರೆದೇ ಇರಲಿಲ್ಲ. ನನಗೆ ಕಂಡೇ ಇರಲಿಲ್ಲ. ನಿಮ್ಮಣ್ಣ ಮೆತ್ತಗೆ ಅಂದರು, "ನೀನು ಅಪ್ಪನ್ನ ನೋಡ್ಲೇ ಇಲ್ಲ. ನೆನಪು ಮಾಡ್ಕೊಂಡು ಬರ್ದಿದೀಯ." ಅಂದಿನಿಂದ ಆ ನಿಯಮ.

ಮೊನ್ನೆ ಅದನ್ನು ಮುರಿದೆ. ನಿನಗೆ ಮೂವತ್ತೊಂದರ ಗಡುವು ಇದೆಯಲ್ಲ, ಅಷ್ಟರಲ್ಲಿ ಕಣ್ಣಿನ ನಡುವಿನ ಬಣ್ಣದ ಬಿಲ್ಲೆಯನ್ನಾದರೂ ಮುಗಿಸಿಡೋಣ, ಅಚ್ಚನ್ನು ನೀನು ಬಂದ ಮೇಲೆ ತೆಗೆಯೋಣ ಎಂದು ಚಿತ್ರವನ್ನು ಮುಂದಿಟ್ಟುಕೊಂಡು ಬರೆಯಲು ಕೂತೆ. ನಿನ್ನೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕೈ ತೊಳೆದು ಬಂದು, ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಚೆನ್ನಾಗಿ ಬಂದಿತ್ತು. ಆದರೆ ಅದು ನಿನ್ನದಲ್ಲ. ನಿಮ್ಮಣ್ಣನ ಎಡಗಣ್ಣಿನಲ್ಲಿ ಕೆಳಗಡೆ, ಗಡಿಯಾರದಲ್ಲಿ ಏಳು ಇರುವ ಜಾಗದಲ್ಲಿ, ಒಂದು ಕಂದು ಚುಕ್ಕೆ ಇತ್ತು. ನಿನಗೆ ಇಲ್ಲ. ಚಿತ್ರದಲ್ಲಿಯೂ ಇಲ್ಲ. ನನ್ನ ಕೈ ಅದನ್ನು ಇಟ್ಟಿತ್ತು, ಯಾವಾಗ ಇಟ್ಟಿತೋ ನನಗೇ ಗೊತ್ತಿಲ್ಲ.

ನಿನ್ನಿಂದ ಮುಚ್ಚಿಡುವುದಿಲ್ಲ. ತುಂಬಾ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದೆ. ಹೀಗೇ ಇರಲಿ, ನಿನಗೆಲ್ಲಿ ತಿಳಿಯುತ್ತದೆ, ಯಾರು ಚುಕ್ಕೆ ಎಣಿಸುತ್ತಾರೆ ಅನ್ನಿಸಿತು. ನಿನ್ನ ಮುಖದಲ್ಲಾದರೂ ಅವರು ಕೂತು ನನ್ನನ್ನು ನೋಡಲಿ ಅನ್ನಿಸಿತು. ನೀನು ಕಣ್ಣು ಕೇಳಿದೆ, ನಾನು ನನ್ನ ಗಂಡನನ್ನು ಬರೆದು ಕೊಡಲು ಹೊರಟಿದ್ದೆ ನೋಡು.

ಆಮೇಲೆ ಅದನ್ನು ಸಾಣೆಗೆ ಹಿಡಿದು ತೇದುಬಿಟ್ಟೆ.

ಆದ್ದರಿಂದ ಚಿತ್ರ ನೋಡಿ ಮಾಡುವುದು ನನ್ನಿಂದಾಗುವುದಿಲ್ಲ. ನೀನೇ ಬಂದು ಎದುರಿಗೆ ಕೂರಬೇಕು. ಮೂರು ದಿನದ ಕೆಲಸ. ಬಾಯಿ ಮುಚ್ಚಿಕೊಂಡು ಕೂರಬೇಡ, ಮಾತಾಡುತ್ತಿರು, ಆ ಕೆಟ್ಟ ಮಾತುಗಳ ಪತ್ರವನ್ನು ಗಟ್ಟಿಯಾಗಿ ಓದಿದರೂ ಸರಿ. ಆಗ ನನ್ನ ಕೈ ನಿನ್ನನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಬಸ್ಸು ಹತ್ತಿಸಲು ಯಾರನ್ನಾದರೂ ಕರೆದುಕೋ. ಇಳಿಸಿಕೊಳ್ಳಲು ನಾನೇ ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ.

ಇವತ್ತೇ ಆಸ್ಪತ್ರೆಯವರಿಗೆ ಹೇಳಿಬಿಡು: ಪೆಟ್ಟಿಗೆ ಕಣ್ಣು ಬೇಡ, ನಮ್ಮತ್ತಿಗೆ ಮಾಡ್ತಾರೆ ಅಂತ.

ಅತ್ತಿಗೆ